ಕೊಲೆ ಮತ್ತು ನರಹತ್ಯೆ: ದಂಡಸಂಹಿತೆಯ ಒಂದು ಭೇದದ ಚರಿತ್ರೆ

1876ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಮುಂದೆ ಗೋವಿಂದನೆಂಬ 18 ವರ್ಷದ ಯುವಕನ ಮೊಕದ್ದಮೆಯು ಬಂದಿತು. ಅವನು ತನ್ನ 15 ವರ್ಷದ ಹೆಂಡತಿಯನ್ನು ಒದ್ದು ಕೆಡವಿ, ಅವಳ ಎದೆಯ ಮೇಲೆ ಮೊಣಕಾಲೂರಿ, ಮುಷ್ಟಿಯಿಂದ ಮುಖಕ್ಕೆ ಎರಡು ಮೂರು ಬಾರಿ ಬಲವಾಗಿ ಗುದ್ದಿದ್ದನು. ಮಿದುಳಿನಲ್ಲಿ ರಕ್ತಸ್ರಾವವಾಗಿ ಆ ಹುಡುಗಿ ತೀರಿಕೊಂಡಳು. ನಡೆದ ಸಂಗತಿಯ ಬಗ್ಗೆ ಯಾರಲ್ಲಿಯೂ ವಿವಾದವಿರಲಿಲ್ಲ. ಹೊಡೆದವನು ಯಾರು, ಸತ್ತವಳು ಯಾರು, ಸಾವಿಗೆ ಕಾರಣವೇನು ಎಂಬುದೆಲ್ಲವೂ ಸ್ಪಷ್ಟವಾಗಿದ್ದಿತು. ಆದರೂ ಇಬ್ಬರು ನ್ಯಾಯಾಧೀಶರಲ್ಲಿ ಭಿನ್ನಾಭಿಪ್ರಾಯ ಹುಟ್ಟಿ, ವಿಷಯವು ಮೂರನೆಯವರಾದ ಮೆಲ್ವಿಲ್ ಅವರಿಗೆ ಹೋಯಿತು. ಅವರು ಉತ್ತರಿಸಬೇಕಾಗಿದ್ದ ಪ್ರಶ್ನೆ ಒಂದೇ: ಇದು ‘ಕೊಲೆ’ಯೋ, ಅಥವಾ ‘ಕೊಲೆಯೆನಿಸದ ದಂಡಾರ್ಹ ನರಹತ್ಯೆ’ಯೋ? ಮೊದಲನೆಯದಾದರೆ ಗಲ್ಲು ಇಲ್ಲವೆ ಆಜೀವ ದ್ವೀಪಾಂತರವಾಸ, ಎರಡನೆಯದಾದರೆ ಪ್ರಾಣಭಯವಿಲ್ಲ.

ನಮ್ಮ ಆಡುಮಾತಿನಲ್ಲಿ ಈ ಭೇದಕ್ಕೆ ಸ್ಥಳವಿಲ್ಲ. ಹೊಡೆದು ಸಾಯಿಸಿದವನು ಕೊಲೆಗಾರನೇ. ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಭಾರತದ ನ್ಯಾಯಸ್ಥಾನಗಳಲ್ಲಿ ಅಸಂಖ್ಯ ಜನರ ಅಳಿವು ಉಳಿವು ಈ ಭೇದವನ್ನೇ ಅವಲಂಬಿಸಿದೆ. ಕಾನೂನಿನ ವಿದ್ಯಾರ್ಥಿಗಳು ಇದನ್ನು ಕಲಮುಗಳ ಅರ್ಥವಿವರಣೆಯೆಂದು ಓದುತ್ತಾರೆ. ಚರಿತ್ರೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದುವುದೇ ಇಲ್ಲ. ಕೊಲೆಯ ತರತಮಗಳನ್ನು ಅಳೆಯಲು ಬೇರೆ ಬೇರೆ ಕಾಲದ ಶಾಸನಕಾರರು ಹಿಡಿದ ಅಳತೆಗೋಲುಗಳು ಯಾವುವು, ಅವು ಹೇಗೆ ಬದಲಾದವು, ನಿಜವಾಗಿ ಬದಲಾದವೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೊಂದವನ ಮನಸ್ಸನ್ನು ಯಾರೂ ಕಣ್ಣಿನಿಂದ ಕಂಡಿಲ್ಲ. ಆದುದರಿಂದ ಎಲ್ಲ ಶಾಸನಗಳೂ ಮನಸ್ಸಿಗೆ ಬದಲಾಗಿ ಕಣ್ಣಿಗೆ ಕಾಣುವ ಯಾವುದಾದರೊಂದು ಕುರುಹನ್ನು ಆರಿಸಿಕೊಳ್ಳುತ್ತವೆ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಕುರುಹು ದಿನಗಳ ಲೆಕ್ಕ. ಕಲಹದಲ್ಲಿ ಒಬ್ಬನನ್ನು ಕೊಂದವನಿಗೆ ಚಿತ್ರವಧೆ. ಪೆಟ್ಟುತಿಂದವನು ಏಳು ದಿನಗಳೊಳಗೆ ಸತ್ತರೆ ಹಿಂಸೆಯಿಲ್ಲದ ಶುದ್ಧವಧೆ. ಪಕ್ಷದೊಳಗೆ ಸತ್ತರೆ ಉತ್ತಮ ಸಾಹಸ ದಂಡ. ತಿಂಗಳೊಳಗೆ ಸತ್ತರೆ 500 ಪಣಗಳ ದಂಡ ಮತ್ತು ಚಿಕಿತ್ಸೆಯ ವೆಚ್ಚ. ಇದು ನಮಗೆ ಒರಟಾಗಿ ತೋರಬಹುದು. ಆದರೆ ಇದರಲ್ಲಿ ಒಂದು ತರ್ಕವಿದೆ: ಪೆಟ್ಟು ಎಷ್ಟು ಬೇಗ ಕೊಂದಿತೋ ಅಷ್ಟು ಕ್ರೂರವಾಗಿತ್ತು, ಎಷ್ಟು ಕ್ರೂರವಾಗಿತ್ತೋ ಕೊಲ್ಲುವ ಮನಸ್ಸು ಅಷ್ಟು ನಿಶ್ಚಿತವಾಗಿತ್ತು. ಇಂಗ್ಲೆಂಡಿನ ಸಾಮಾನ್ಯ ನ್ಯಾಯದಲ್ಲಿಯೂ ಪೆಟ್ಟಿನ ಅನಂತರ ಒಂದು ವರ್ಷ ಒಂದು ದಿನ ಕಳೆದು ಸತ್ತರೆ ಅದು ಕೊಲೆಯಲ್ಲವೆಂಬ ನಿಯಮವಿದ್ದು, ಅದನ್ನು ರದ್ದುಪಡಿಸಿದ್ದು 1996ರಲ್ಲಿ ಎಂಬುದನ್ನು ನೆನೆದರೆ ಕೌಟಿಲ್ಯನನ್ನು ಕಂಡು ನಗುವ ಕಾರಣವಿಲ್ಲ.

ಈಸ್ಟ್ ಇಂಡಿಯಾ ಕಂಪೆನಿಯು ಬಂಗಾಳದ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಅಲ್ಲಿನ ಫೌಜುದಾರಿ ನ್ಯಾಯಸ್ಥಾನಗಳಲ್ಲಿ ನಡೆಯುತ್ತಿದ್ದುದು ಹನಫೀ ಪಂಥದ ಇಸ್ಲಾಮೀ ದಂಡನೀತಿ. ಅದರಲ್ಲಿ ನರಹತ್ಯೆಗೆ ಹಲವು ದರ್ಜೆಗಳಿದ್ದವು. ಬುದ್ಧಿಪೂರ್ವಕವಾದ ಹತ್ಯೆ ‘ಕತ್ಲ್-ಇ-ಅಮ್ದ್’, ಅದನ್ನು ಹೋಲುವುದು ‘ಶಿಬ್ಹ್-ಇ-ಅಮ್ದ್’, ಪ್ರಮಾದದಿಂದಾದುದು ‘ಖತಾ’, ಪ್ರಮಾದಕ್ಕೆ ಸಮಾನವಾದುದು ಮತ್ತು ಪರೋಕ್ಷ ಕಾರಣದಿಂದಾದುದು ಇವುಗಳ ಕೆಳಗೆ. ಪ್ರಾಣಕ್ಕೆ ಪ್ರಾಣವೆಂಬ ‘ಕಿಸಾಸ್’ ಮೊದಲನೆಯದಕ್ಕೆ ಮಾತ್ರ. ಮಿಕ್ಕವುಗಳಿಗೆ ಮುಖ್ಯವಾಗಿ ‘ದಿಯತ್’ ಎಂಬ ರಕ್ತಪರಿಹಾರ. ಮೊದಲ ಎರಡು ದರ್ಜೆಗಳ ನಡುವಣ ಗೆರೆಯನ್ನು ಇಮಾಂ ಅಬೂ ಹನೀಫರು ಆಯುಧದ ಮೇಲೆ ಎಳೆದಿದ್ದರು. ಕತ್ತಿ, ಭರ್ಜಿ ಮೊದಲಾದ, ರಕ್ತ ಹರಿಸುವುದಕ್ಕೆಂದೇ ಇರುವ ಸಾಧನಗಳಿಂದ ಕೊಂದರೆ ಅಮ್ದ್. ದೊಣ್ಣೆಯಿಂದ ಬಡಿದು, ಕಲ್ಲಿನಿಂದ ಜಜ್ಜಿ, ನೀರಿನಲ್ಲಿ ಮುಳುಗಿಸಿ, ಕತ್ತು ಹಿಸುಕಿ ಕೊಂದರೆ ಶಿಬ್ಹ್-ಇ-ಅಮ್ದ್. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದರು ಇದನ್ನು ಒಪ್ಪಲಿಲ್ಲ. ಸಾಮಾನ್ಯವಾಗಿ ಪ್ರಾಣ ತೆಗೆಯುವಂಥ ಯಾವ ಸಾಧನದಿಂದ ಕೊಂದರೂ ಅದು ಅಮ್ದ್ ಎಂಬುದು ಅವರ ಮತ.

ಕಂಪೆನಿಯ ಅಧಿಕಾರಿಗಳಿಗೆ ಗುರುವಿನ ಮತವು ಹಾಸ್ಯಾಸ್ಪದವಾಗಿ ಕಂಡಿತು. ಮನುಷ್ಯನನ್ನು ನೀರಿನಲ್ಲಿ ಅದುಮಿ ಹಿಡಿದು ಕೊಂದವನು ಹಣ ಕೊಟ್ಟು ಪಾರಾಗುವುದೆಂದರೇನು? ವಾರನ್ ಹೇಸ್ಟಿಂಗ್ಸ್ 1773ರಲ್ಲಿಯೇ ಇದನ್ನು ಆಕ್ಷೇಪಿಸಿದನು. 1790ರ ಡಿಸೆಂಬರಿನಲ್ಲಿ ಕಾರ್ನ್‌ವಾಲೀಸನ ಸರಕಾರವು ಶಿಷ್ಯರ ಮತವನ್ನೇ ಅನುಸರಿಸತಕ್ಕದ್ದೆಂದೂ, ಕೊಲೆಯ ವಿಚಾರಣೆಯಲ್ಲಿ ನೋಡಬೇಕಾದುದು ಕೊಂದವನ ಉದ್ದೇಶವನ್ನೇ ಹೊರತು ಕೊಂದ ರೀತಿಯನ್ನಾಗಲಿ ಆಯುಧವನ್ನಾಗಲಿ ಅಲ್ಲವೆಂದೂ ಆಜ್ಞೆ ಮಾಡಿತು. ಅದೇ ದಶಕದ ಆರಂಭದಲ್ಲಿ, ಸತ್ತವನ ವಾರಸುದಾರರು ಕೊಂದವನನ್ನು ಕ್ಷಮಿಸಿ ಬಿಡಿಸುವ ಹಕ್ಕೂ ಹೋಯಿತು. ಕೊಲೆಯು ಎರಡು ಕುಟುಂಬಗಳ ನಡುವಣ ವ್ಯವಹಾರವಾಗಿದ್ದುದು ಪ್ರಭುತ್ವಕ್ಕೆ ವಿರುದ್ಧವಾದ ಅಪರಾಧವಾಯಿತು. ಕಂಪೆನಿಯ ಸುಧಾರಣೆಗಳನ್ನು ಹೊಗಳುವ ಗ್ರಂಥಗಳಲ್ಲಿ ಇದೊಂದು ದೊಡ್ಡ ಜಯವೆಂದು ವರ್ಣಿತವಾಗಿದೆ.

ಆದರೆ ಹನೀಫರ ವಾದವು ಅಧಿಕಾರಿಗಳು ತಿಳಿದಷ್ಟು ಸರಳವಲ್ಲ. ಉದ್ದೇಶವು ಅಂತರಂಗದ ವಸ್ತು, ಅದು ಮರೆಯಾಗಿರುತ್ತದೆ, ಹೊರಗೆ ಅದಕ್ಕೆ ಸಾಕ್ಷಿ ಹೇಳುವುದು ಆಯುಧ. ಪ್ರಾಣದಂಡದಂಥ ಹಿಂದೆಗೆಯಲಾರದ ಶಿಕ್ಷೆಗೆ ಸಂದೇಹವಿಲ್ಲದ ಸಾಕ್ಷ್ಯ ಬೇಕು. ದೊಣ್ಣೆ ಹಿಡಿದವನು ದಂಡಿಸಲು ಹೊರಟಿದ್ದನೋ ಕೊಲ್ಲಲು ಹೊರಟಿದ್ದನೋ ಎಂಬ ಸಂದೇಹಕ್ಕೆ ಎಡೆಯಿರುವುದರಿಂದ ಅಲ್ಲಿ ಪ್ರಾಣವನ್ನು ಉಳಿಸಬೇಕು. ಈ ವಾದದ ಎರಡು ಅಂಶಗಳು, ಎಂದರೆ ಉದ್ದೇಶವನ್ನು ಹೊರಗುರುಹಿನಿಂದ ಊಹಿಸಬೇಕೆಂಬುದು ಮತ್ತು ಗೆರೆಯನ್ನು ಎಳೆಯುವುದು ಗಲ್ಲಿನಿಂದ ಯಾರನ್ನು ಉಳಿಸಬೇಕೆಂಬುದಕ್ಕಾಗಿಯೇ ಎಂಬುದು, ಮುಂದೆಯೂ ನಮಗೆ ಎದುರಾಗುತ್ತವೆ.

ಎರಡನೆಯ ಅಂಶಕ್ಕೆ ಆಳುವವರ ಸ್ವಂತ ನಾಡಿನ ಚರಿತ್ರೆಯೇ ನಿದರ್ಶನ. ಮಧ್ಯಯುಗದ ಇಂಗ್ಲೆಂಡಿನಲ್ಲಿ ನರಹತ್ಯೆ ಮಾಡಿದವರೆಲ್ಲರಿಗೂ ತತ್ತ್ವತಃ ಗಲ್ಲೇ ಶಿಕ್ಷೆ. ಆದರೆ ಪಾದ್ರಿಗಳಿಗೆ ರಾಜನ್ಯಾಯಾಲಯದ ಗಲ್ಲಿನಿಂದ ವಿನಾಯಿತಿಯಿದ್ದಿತು. ಕಾಲಕ್ರಮದಲ್ಲಿ ಓದಬಲ್ಲವನೆಲ್ಲ ಪಾದ್ರಿಯೆನಿಸಿದನು. ಬೈಬಲಿನ 51ನೆಯ ಕೀರ್ತನೆಯ ಒಂದು ವಚನವನ್ನು ಓದಿ ತೋರಿಸಿ ಕೊರಳುಳಿಸಿಕೊಳ್ಳುವುದು ವಾಡಿಕೆಯಾಗಿ, ಆ ವಚನಕ್ಕೆ ‘ಕೊರಳಿನ ವಚನ’ವೆಂದೇ ಹೆಸರಾಯಿತು. 1512, 1531 ಮತ್ತು 1547ರ ಶಾಸನಗಳು ಪೂರ್ವಸಂಕಲ್ಪಿತ ದ್ವೇಷದಿಂದ ಕೊಂದವರಿಗೆ ಈ ವಿನಾಯಿತಿಯನ್ನು ತಪ್ಪಿಸಿದವು. ವಿನಾಯಿತಿ ಕಳೆದುಕೊಂಡ ಹತ್ಯೆ ‘ಮರ್ಡರ್’ ಆಯಿತು. ವಿನಾಯಿತಿ ಉಳಿಸಿಕೊಂಡದ್ದು ‘ಮ್ಯಾನ್‌ಸ್ಲಾಟರ್’ ಆಯಿತು. ಇವೆರಡರ ಭೇದವನ್ನು ತತ್ತ್ವಜ್ಞರು ಕುಳಿತು ಚಿಂತಿಸಿ ಕಂಡುಹಿಡಿಯಲಿಲ್ಲ. ಯಾರನ್ನು ನೇಣಿಗೇರಿಸಬೇಕು, ಯಾರ ಹೆಬ್ಬೆರಳಿಗೆ ಬರೆ ಹಾಕಿ ಬಿಡಬೇಕು ಎಂಬ ಲೌಕಿಕ ಪ್ರಶ್ನೆಯಿಂದ ಅದು ಹುಟ್ಟಿತು. ತತ್ತ್ವವು ಆಮೇಲೆ ಬಂದಿತು.

ಕಾರ್ನ್‌ವಾಲೀಸನು ಬಂಗಾಳದಲ್ಲಿ ಆಜ್ಞೆ ಹೊರಡಿಸಿದ ದಶಕದಲ್ಲಿಯೇ ಅಮೆರಿಕೆಯ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಉತ್ತರ ಸಿದ್ಧವಾಗುತ್ತಿತ್ತು. ವಿಲಿಯಂ ಬ್ರಾಡ್‌ಫರ್ಡ್ ಎಂಬ ನ್ಯಾಯವೇತ್ತನು ಮರಣದಂಡನೆಯ ಅಗತ್ಯವೆಷ್ಟೆಂಬುದನ್ನು ಕುರಿತು 1793ರಲ್ಲಿ ಬರೆದ ಪ್ರಬಂಧದ ಪ್ರೇರಣೆಯಿಂದ 1794ರ ಏಪ್ರಿಲಿನಲ್ಲಿ ಅಲ್ಲಿ ಒಂದು ಶಾಸನವಾಯಿತು. ಕೊಲೆಯನ್ನೇ ಅದು ಎರಡು ದರ್ಜೆ ಮಾಡಿತು. ವಿಷವಿಕ್ಕಿ, ಹೊಂಚುಹಾಕಿ, ಅಥವಾ ಬೇರೆ ರೀತಿಯಲ್ಲಿ ಬುದ್ಧಿಪೂರ್ವಕವಾಗಿ ಪೂರ್ವಾಲೋಚನೆಯಿಂದ ಮಾಡಿದ ಕೊಲೆಯೂ, ಬೆಂಕಿಯಿಡುವುದು, ಅತ್ಯಾಚಾರ, ದರೋಡೆ, ಕನ್ನಗಳವು ಇವುಗಳ ನಡುವೆ ಆದ ಕೊಲೆಯೂ ಪ್ರಥಮ ದರ್ಜೆ. ಮಿಕ್ಕುದೆಲ್ಲ ದ್ವಿತೀಯ ದರ್ಜೆ. ಗಲ್ಲು ಪ್ರಥಮಕ್ಕೆ ಮಾತ್ರ. ವರ್ಜೀನಿಯ 1796ರಲ್ಲಿ ಇದನ್ನು ಅನುಸರಿಸಿತು. ಬರಬರುತ್ತ ಅಮೆರಿಕೆಯ ಬಹುಪಾಲು ರಾಜ್ಯಗಳೂ ಅನುಸರಿಸಿದವು. ಇಂದು ಅಮೆರಿಕೆಯ ಪತ್ರಿಕಾವಾರ್ತೆಗಳಲ್ಲಿ ಕಾಣುವ ‘ಪ್ರಥಮ ದರ್ಜೆಯ ಕೊಲೆ’ಯ ಮೂಲವು ಇದು.

ಇಲ್ಲಿ ಅಳತೆಗೋಲು ಪೂರ್ವಾಲೋಚನೆ, ಎಂದರೆ ಕಾಲ. ಆದರೆ ಎಷ್ಟು ಕಾಲ? 1868ರಲ್ಲಿ ಡ್ರಂ ಎಂಬವನ ಮೊಕದ್ದಮೆಯಲ್ಲಿ ಆ ಪ್ರಾಂತದ ಶ್ರೇಷ್ಠ ನ್ಯಾಯಾಲಯದ ಆಗ್ನ್ಯೂ ಎಂಬ ನ್ಯಾಯಾಧೀಶನು, ದುಷ್ಟನಾದವನು ಕೊಲೆಯ ಯೋಜನೆ ಹೂಡುವುದಕ್ಕೆ ಯಾವ ಕಾಲವೂ ಅಲ್ಪವಲ್ಲವೆಂದು ವಿವರಿಸಿದನು. ಒಂದು ಕ್ಷಣವೂ ಸಾಕಾದರೆ ಎರಡು ದರ್ಜೆಗಳ ನಡುವೆ ಉಳಿದುದೇನು? 1928ರಲ್ಲಿ ನ್ಯೂಯಾರ್ಕಿನ ವೈದ್ಯರನ್ನು ಉದ್ದೇಶಿಸಿ ಮಾತನಾಡಿದ ಬೆಂಜಮಿನ್ ಕಾರ್ಡೋಜೊ, ಈ ಭೇದವು ಎಷ್ಟು ಮಸಕಾಗಿದೆಯೆಂದರೆ ಮೊದಲ ಬಾರಿ ಕೇಳುವ ಯಾವ ಜ್ಯೂರಿಗೂ ಅದು ಅರಗುವಂತಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿದರು. ಒಬ್ಬ ಮನುಷ್ಯನ ಪ್ರಾಣವು ತೂಗುತ್ತಿರುವಾಗ ಇಂಥ ಮಸಕು ಸಲ್ಲದೆಂಬುದು ಅವರ ಇಂಗಿತ.

ಭಾರತವು ಈ ಮಾರ್ಗವನ್ನು ಹಿಡಿಯಲಿಲ್ಲ. 1833ರ ಸನ್ನದು ಶಾಸನದ ಮೇರೆಗೆ ನೇಮಕವಾದ ಕಾನೂನು ಆಯೋಗವು ಮೆಕಾಲೆಯ ನೇತೃತ್ವದಲ್ಲಿ 1837ರ ಅಕ್ಟೋಬರಿನಲ್ಲಿ ದಂಡಸಂಹಿತೆಯ ಕರಡನ್ನು ಒಪ್ಪಿಸಿತು. ಅದರ ಕರ್ತರ ಮುಂದೆ ಫ್ರಾನ್ಸಿನ ದಂಡಸಂಹಿತೆಯೂ, ಲೂಸಿಯಾನಕ್ಕಾಗಿ ಲಿವಿಂಗ್‌ಸ್ಟನ್ನನು ರಚಿಸಿದ್ದ ಸಂಹಿತೆಯೂ ಇದ್ದವು. ಆದರೂ ದರ್ಜೆಗೆ ಸಂಖ್ಯೆ ಕೊಡುವ ಪದ್ಧತಿಯನ್ನು ಅವರು ತೆಗೆದುಕೊಳ್ಳಲಿಲ್ಲ. ಸಾಯಿಸುವ ಉದ್ದೇಶದಿಂದ, ಅಥವಾ ಸಾವು ಸಂಭವನೀಯವೆಂಬ ಅರಿವಿನಿಂದ ಮಾಡಿದ ಕಾರ್ಯದಿಂದ ಸಾವಾದರೆ ದಂಡಾರ್ಹ ನರಹತ್ಯೆ. ಉದ್ರೇಕ, ಸಮ್ಮತಿ, ಆತ್ಮರಕ್ಷಣೆ ಇಂಥ ತಗ್ಗಿಸುವ ಕಾರಣಗಳಿಲ್ಲದಿದ್ದರೆ ಅದು ಕೊಲೆ. ಮೆಕಾಲೆಯ ಕಟ್ಟಡದಲ್ಲಿ ಒಂದೇ ಗೋಡೆಯಿದ್ದಿತು.

ಕರಡು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಕಡತಗಳಲ್ಲಿ ಮಲಗಿತು. ಈ ನಡುವೆ ಮುಂಬಯಿ ಪ್ರಾಂತದಲ್ಲಿ ಎಲ್ಫಿನ್‌ಸ್ಟನ್ನನ 1827ರ ನಿಬಂಧನೆಗಳು ನಡೆಯುತ್ತಿದ್ದವು. ನಮ್ಮ ಧಾರವಾಡ ಸೀಮೆಯೂ ಅವುಗಳಿಗೆ ಒಳಪಟ್ಟಿತ್ತು. 1857ರ ದಂಗೆಯ ಅನಂತರ ಸರಕಾರಕ್ಕೆ ಅವಸರ ಹುಟ್ಟಿ, ಬಾರ್ನ್ಸ್ ಪೀಕಾಕನ ಪರಿಷ್ಕರಣದೊಡನೆ 1860ರ ಅಕ್ಟೋಬರ್ 6ರಂದು ಸಂಹಿತೆಯು ಶಾಸನವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅಂತಿಮ ರೂಪದಲ್ಲಿ ಗೋಡೆಗಳು ಹೆಚ್ಚಿದ್ದವು. 299ನೆಯ ಕಲಮು ನರಹತ್ಯೆಯನ್ನೂ 300ನೆಯದು ಕೊಲೆಯನ್ನೂ ಬೇರೆಬೇರೆಯಾಗಿ ನಿರೂಪಿಸಿದವು. ಕೊಲ್ಲುವ ನೇರ ಉದ್ದೇಶವಿದ್ದರೆ ಕೊಲೆಯೆಂಬುದರಲ್ಲಿ ತೊಡಕಿಲ್ಲ. ತೊಡಕಿರುವುದು ಅದರಿಂದ ಈಚೆಗೆ. ಸಾವನ್ನು ತರುವ ‘ಸಂಭವವಿರುವ’ ಗಾಯವನ್ನು ಮಾಡುವ ಉದ್ದೇಶವಿದ್ದರೆ ಅದು ನರಹತ್ಯೆ; ‘ಪ್ರಕೃತಿಯ ಸಾಮಾನ್ಯ ಗತಿಯಲ್ಲಿ ಸಾವನ್ನು ತರಲು ಸಾಕಾಗುವ’ ಗಾಯವನ್ನು ಮಾಡುವ ಉದ್ದೇಶವಿದ್ದರೆ ಅದು ಕೊಲೆ. ಸಾವು ಸಂಭವನೀಯವೆಂಬ ಅರಿವಿದ್ದರೆ ನರಹತ್ಯೆ. ಸಾವು ಬಹುತೇಕ ತಪ್ಪದೆಂಬಷ್ಟು ಅಪಾಯದ ಅರಿವಿದ್ದರೆ ಕೊಲೆ. ಇವುಗಳ ಮೇಲೆ ಐದು ವಿನಾಯಿತಿಗಳು. ‘ಸಂಭವ’, ‘ಸಾಕಾಗುವುದು’, ‘ಬಹುತೇಕ ನಿಶ್ಚಿತ’ ಎಂಬ ಮೂರು ಶಬ್ದಗಳ ನಡುವೆ ಒಬ್ಬ ಮನುಷ್ಯನ ಕೊರಳು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಸಂಹಿತೆಯ ದೊಡ್ಡ ಅಭಿಮಾನಿಯಾಗಿದ್ದರೂ 1883ರ ತನ್ನ ಗ್ರಂಥದಲ್ಲಿ ಈ ಎರಡು ನಿರೂಪಣೆಗಳು ಅದರ ಅತ್ಯಂತ ದುರ್ಬಲ ಭಾಗವೆಂದು ಬರೆದನು. ಅವನ ಮಾತಿನಲ್ಲಿ ಅತಿಶಯವಿಲ್ಲವೆಂದು ನನ್ನ ಅಭಿಪ್ರಾಯ. ತರಗತಿಯಲ್ಲಿ ಈ ಎರಡು ಕಲಮುಗಳನ್ನು ಒಮ್ಮೆಯಾದರೂ ವಿವರಿಸಲು ಪ್ರಯತ್ನಿಸಿದ ಯಾರೂ ಇದನ್ನು ಒಪ್ಪುವರು.

ಈಗ ಗೋವಿಂದನ ಮೊಕದ್ದಮೆಗೆ ಮರಳಬಹುದು. ಮೆಲ್ವಿಲ್ ಮಾಡಿದ ಮೊದಲ ಕೆಲಸವೆಂದರೆ ಎರಡು ಕಲಮುಗಳನ್ನೂ ಎದುರುಬದುರಾಗಿ ಬರೆದು, ವ್ಯತ್ಯಾಸವುಳ್ಳ ಶಬ್ದಗಳನ್ನು ಬೇರೆಯಾಗಿ ಎದ್ದು ತೋರುವಂತೆ ಮಾಡಿದುದು. ನಮ್ಮ ಪಠ್ಯಗ್ರಂಥಗಳಲ್ಲಿ ಇಂದಿಗೂ ಕಾಣುವ ಕೋಷ್ಟಕದ ಮೂಲವು ಅದೇ. ಆಮೇಲೆ ಅವರು ಕಂಡುಕೊಂಡ ಸೂತ್ರವು ಸಂಭವದ ತಾರತಮ್ಯ: ಸಾವು ಸಂಭವನೀಯ ಫಲವಾದರೆ ನರಹತ್ಯೆ, ಅತ್ಯಂತ ಸಂಭವನೀಯ ಫಲವಾದರೆ ಕೊಲೆ. ಗೋವಿಂದನಿಗೆ ಹೆಂಡತಿಯನ್ನು ಸಾಯಿಸುವ ಉದ್ದೇಶವಿದ್ದಂತೆ ಕಾಣಲಿಲ್ಲ. ಮುಷ್ಟಿಯ ಗುದ್ದು ಪ್ರಕೃತಿಯ ಸಾಮಾನ್ಯ ಗತಿಯಲ್ಲಿ ಸಾವನ್ನು ತರಲು ಸಾಕಾಗುವಂಥದಲ್ಲ. ಆದರೆ ಎದೆಯ ಮೇಲೆ ಮೊಣಕಾಲೂರಿ ತಲೆಗೆ ಹಾಗೆ ಗುದ್ದಿದರೆ ಸಾವು ಸಂಭವಿಸಬಹುದೆಂಬುದನ್ನು ಅವನು ಅರಿತಿರಲೇಬೇಕು. ಆದುದರಿಂದ ಇದು ಕೊಲೆಯಲ್ಲ, ನರಹತ್ಯೆ. ಹುಡುಗನ ಪ್ರಾಣ ಉಳಿಯಿತು.

ಈ ತೀರ್ಪಿನ ತರ್ಕವನ್ನು ಒಂದು ಶತಮಾನದ ಹಿಂದಿನ ಬಂಗಾಳದ ವಿವಾದದ ಪಕ್ಕದಲ್ಲಿಟ್ಟು ನೋಡಬೇಕು. 1790ರಲ್ಲಿ ಆಯುಧವನ್ನು ಮುಂಬಾಗಿಲಿನಿಂದ ಹೊರಗೆ ಹಾಕಲಾಗಿತ್ತು. 1876ರಲ್ಲಿ ಅದು ಹಿತ್ತಲ ಬಾಗಿಲಿನಿಂದ ಒಳಕ್ಕೆ ಬಂದಿದೆ. ಗೋವಿಂದನ ಕೈಯಲ್ಲಿ ಕತ್ತಿಯಿದ್ದು ಎರಡು ಮೂರು ಬಾರಿ ಹೊಡೆದಿದ್ದರೆ ಫಲವು ಬೇರೆಯಾಗುತ್ತಿತ್ತು. ಬರಿಗೈಯಾದುದರಿಂದ ಅವನು ಉಳಿದನು. ಅಬೂ ಹನೀಫರ ಮುಂದೆ ಇದೇ ಮೊಕದ್ದಮೆ ಬಂದಿದ್ದರೆ ಅವರೂ ಶಿಬ್ಹ್-ಇ-ಅಮ್ದ್ ಎಂದೇ ಹೇಳುತ್ತಿದ್ದರು. ಇಷ್ಟು ಹೇಳಿದ ಮಾತ್ರಕ್ಕೆ ಎರಡೂ ಒಂದೇ ಎಂದಾಗುವುದಿಲ್ಲ. ಹನೀಫರಿಗೆ ಆಯುಧವು ನಿರ್ಣಾಯಕ ನಿಯಮ. ಮೆಲ್ವಿಲ್‌ಗೆ ಅದು ಸಂಭವವನ್ನು ತೂಗುವ ಹಲವು ಸಾಕ್ಷ್ಯಗಳಲ್ಲೊಂದು. ನಿಯಮವು ಮುಂಚಿತವಾಗಿ ತಿಳಿದಿರುತ್ತದೆ, ಸಾಕ್ಷ್ಯವನ್ನು ನ್ಯಾಯಾಧೀಶನು ತೂಗುತ್ತಾನೆ. ಕಂಪೆನಿಯ ಸುಧಾರಣೆಯಿಂದ ನಿಜವಾಗಿ ಬದಲಾದುದು ಇದು: ಆಯುಧವು ಅಳತೆಗೋಲಾಗಿ ಉಳಿಯಿತು, ಅದನ್ನು ಓದುವ ಅಧಿಕಾರ ಮಾತ್ರ ಶಾಸ್ತ್ರದಿಂದ ನ್ಯಾಯಪೀಠಕ್ಕೆ ವರ್ಗವಾಯಿತು.

ತೀರ್ಪಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಆ 15 ವರ್ಷದ ಹುಡುಗಿಯ ದೇಹವೇ ಆ ಸಂಭವದ ಲೆಕ್ಕದ ಒಂದು ಭಾಗ. ಬಲಿಷ್ಠನಾದ ಗಂಡಸಿಗೆ ಬಿದ್ದ ಮುಷ್ಟಿಯ ಗುದ್ದೂ, ನೆಲಕ್ಕೆ ಬಿದ್ದು ಎದ್ದೇಳಲಾರದ ಹುಡುಗಿಗೆ ಬಿದ್ದ ಗುದ್ದೂ ಪ್ರಕೃತಿಯ ಗತಿಯಲ್ಲಿ ಒಂದೇ ಅಲ್ಲ. ಮನೆಯೊಳಗೆ ಹೆಂಡತಿಯನ್ನು ಹೊಡೆಯಲು ಕತ್ತಿ ಹುಡುಕುವ ಗಂಡಂದಿರು ಕಡಿಮೆ, ಕೈಕಾಲುಗಳೇ ಸಾಕಾಗುತ್ತವೆ. ಆಯುಧವನ್ನು ಮುಖ್ಯ ಕುರುಹಾಗಿ ಇಟ್ಟುಕೊಂಡ ಯಾವ ಗೆರೆಯೂ ಮನೆಯೊಳಗಿನ ಸಾವುಗಳನ್ನು ಕೆಳದರ್ಜೆಗೆ ತಳ್ಳುವ ಕಡೆಗೆ ವಾಲುತ್ತದೆ. ಮೆಲ್ವಿಲ್ ತಪ್ಪು ಮಾಡಿದರೆಂದು ನಾನು ಹೇಳುವುದಿಲ್ಲ. 18 ವರ್ಷದ ಹುಡುಗನನ್ನು ನೇಣಿಗೆ ಕಳುಹಿಸದಿದ್ದುದಕ್ಕಾಗಿ ಯಾರೂ ಅವರನ್ನು ದೂರಲಾರರು. ಗೆರೆಯ ಓರೆಯನ್ನು ಮಾತ್ರ ಇಲ್ಲಿ ಗುರುತಿಸಬೇಕಾಗಿದೆ. ಆ ತೀರ್ಪು ಮುಂಬಯಿ ಪ್ರಾಂತಕ್ಕೆಲ್ಲ, ಎಂದರೆ ಅಂದು ಅದರೊಳಗಿದ್ದ ಬೆಳಗಾವಿ, ಧಾರವಾಡ, ಉತ್ತರ ಕನ್ನಡಗಳಿಗೂ ಮೇಲ್ಪಂಕ್ತಿಯಾಯಿತು.

ಅದೇ 1876ನೆಯ ವರ್ಷವು ಇನ್ನೊಂದು ಸಾವಿನಿಂದಲೂ ಪ್ರಸಿದ್ಧವಾಗಿದೆ. ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲನು ಹಿಂದಿನ ವರ್ಷ, ಚರ್ಚಿಗೆ ಹೊರಡುವಾಗ ಗಾಡಿ ಸಿದ್ಧವಾಗಲಿಲ್ಲವೆಂದು ತನ್ನ ಕುದುರೆಯಾಳಿಗೆ ಹೊಡೆದು, ಕೂದಲು ಹಿಡಿದು ಎಳೆದನು. ಕೆಳಗೆ ಬಿದ್ದ ಆ ಬಡವನು ಸ್ವಲ್ಪ ಹೊತ್ತಿನಲ್ಲಿಯೇ ಸತ್ತನು. ಊದಿಕೊಂಡಿದ್ದ ಗುಲ್ಮವು ಒಡೆದುದೇ ಕಾರಣವೆಂದು ವೈದ್ಯರು ಹೇಳಿದರು. ಮ್ಯಾಜಿಸ್ಟ್ರೇಟನು ಇದನ್ನು ಕೇವಲ ‘ನೋವುಂಟುಮಾಡಿದ’ ಅಪರಾಧವೆಂದೆಣಿಸಿ 30 ರೂಪಾಯಿ ದಂಡ ವಿಧಿಸಿದನು. ವೈಸರಾಯ್ ಲಾರ್ಡ್ ಲಿಟ್ಟನ್ನನು ಆ ಜುಲೈ ತಿಂಗಳಿನಲ್ಲಿ ಇದನ್ನು ಖಂಡಿಸಿ ಟಿಪ್ಪಣಿ ಬರೆದುದರಿಂದ ಆಂಗ್ಲೋ-ಇಂಡಿಯನ್ ಸಮಾಜವು ರೊಚ್ಚಿಗೆದ್ದಿತು.

ಇವೆರಡನ್ನು ಜೋಡಿಸಿ ‘ಒಬ್ಬನಿಗೆ ಗಲ್ಲಿನ ಭಯ, ಇನ್ನೊಬ್ಬನಿಗೆ 30 ರೂಪಾಯಿ’ ಎಂದು ಬರೆಯುವುದು ಸುಲಭ. ಏಟುಗಳು ಸಮಾನವಾಗಿರಲಿಲ್ಲವೆಂಬುದನ್ನು ಮರೆಯಬಾರದು. ಆದರೆ ಮಲೇರಿಯಾ ಪೀಡಿತವಾದ ಈ ದೇಶದಲ್ಲಿ ಗುಲ್ಮ ಊದಿದ ಜನ ಅಸಂಖ್ಯರೆಂಬುದು ಇಲ್ಲಿದ್ದ ಪ್ರತಿಯೊಬ್ಬ ಇಂಗ್ಲಿಷರವನಿಗೂ ತಿಳಿದಿತ್ತು. 300ನೆಯ ಕಲಮಿನ ಎರಡನೆಯ ಖಂಡವು, ಗಾಯಗೊಂಡ ನಿರ್ದಿಷ್ಟ ವ್ಯಕ್ತಿಗೆ ಅದು ಮಾರಕವೆಂದು ಹೊಡೆದವನು ಅರಿತಿದ್ದರೆ ಕೊಲೆಯೆನ್ನುತ್ತದೆ. ನ್ಯಾಯಸ್ಥಾನಗಳು ಇದನ್ನು ಆ ಒಬ್ಬ ಆಳಿನ ರೋಗದ ನೇರ ಅರಿವೆಂದು ಓದಿದವು. ಮಾಲಿಕನು ಆಳಿನ ರೋಗವನ್ನು ವಿಚಾರಿಸದಿದ್ದುದೇ ಅವನಿಗೆ ರಕ್ಷೆಯಾಯಿತು. ‘ಅರಿವು’ ಎಂಬ ಅಳತೆಗೋಲು ಎಲ್ಲರ ಕೈಯಲ್ಲೂ ಒಂದೇ ಉದ್ದವಿರುವುದಿಲ್ಲ.

ಸ್ವಾತಂತ್ರ್ಯಾನಂತರ ಈ ಗೆರೆಯನ್ನು ಸರ್ವೋಚ್ಚ ನ್ಯಾಯಾಲಯವು ಮತ್ತೆ ಎಳೆಯಬೇಕಾಯಿತು. 1958ರ ವೀರ್ಸಾಸಿಂಗನ ಮೊಕದ್ದಮೆಯಲ್ಲಿ ಹೊಟ್ಟೆಗೆ ಭರ್ಜಿಯ ಒಂದೇ ಇರಿತ. ಸಾಯಿಸುವ ಉದ್ದೇಶವಿರಲಿಲ್ಲ, ಒಂದೇ ಪೆಟ್ಟು ಎಂಬುದು ಪ್ರತಿವಾದ. ನ್ಯಾಯಮೂರ್ತಿ ವಿವಿಯನ್ ಬೋಸರು ಇದನ್ನು ಬಹಳ ಸರಳಗೊಳಿಸಿದರು. ಆ ನಿರ್ದಿಷ್ಟ ಗಾಯವನ್ನು ಮಾಡುವ ಉದ್ದೇಶ ಅವನಿಗಿತ್ತೇ ಎಂಬುದು ಮಾತ್ರ ಮನಸ್ಸಿಗೆ ಸಂಬಂಧಿಸಿದ ಪ್ರಶ್ನೆ. ಆ ಗಾಯವು ಸಾವಿಗೆ ಸಾಕಾಗುವಂಥದೇ ಎಂಬುದು ವೈದ್ಯನ ಪ್ರಶ್ನೆ, ಅದಕ್ಕೂ ಅಪರಾಧಿಯ ಅರಿವಿಗೂ ಸಂಬಂಧವಿಲ್ಲ. ಹೀಗೆ ಅಳತೆಗೋಲಿನ ಒಂದು ತುದಿಯು ಮನಸ್ಸಿನಿಂದ ದೇಹಕ್ಕೆ ಸರಿಯಿತು. 1961ರ ನಾನಾವತಿ ಮೊಕದ್ದಮೆಯು ಸಾರ್ವಜನಿಕರ ನೆನಪಿನಲ್ಲಿ ಉಳಿದಿರುವುದು ಬೇರೆ ಕಾರಣಗಳಿಗಾಗಿ. ನಮ್ಮ ವಿಷಯಕ್ಕೆ ಬೇಕಾದುದು ಇಷ್ಟೇ: ಹೆಂಡತಿಯ ತಪ್ಪೊಪ್ಪಿಗೆಗೂ ಗುಂಡು ಹಾರಿದುದಕ್ಕೂ ನಡುವೆ ಸುಮಾರು ಮೂರು ಗಂಟೆಗಳಿದ್ದುದರಿಂದ ಹಠಾತ್ ಉದ್ರೇಕದ ವಿನಾಯಿತಿ ಸಲ್ಲದೆಂದು ನ್ಯಾಯಮೂರ್ತಿ ಸುಬ್ಬರಾಯರು ನಿರ್ಣಯಿಸಿದರು. ಕೌಟಿಲ್ಯನು ಪೆಟ್ಟಿನ ಆಚೆಗಿನ ದಿನಗಳನ್ನೆಣಿಸಿದನು. ಇಲ್ಲಿ ಪೆಟ್ಟಿನ ಈಚೆಗಿನ ಗಂಟೆಗಳನ್ನೆಣಿಸಲಾಯಿತು.

1976ರಲ್ಲಿ, ಗೋವಿಂದನ ತೀರ್ಪಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ, ಆಂಧ್ರದ ಪುನ್ನಯ್ಯನ ಮೊಕದ್ದಮೆ ಬಂದಿತು. ಗ್ರಾಮಕಕ್ಷೆಗಳ ವೈರದಲ್ಲಿ ಒಬ್ಬ ವೃದ್ಧನನ್ನು ಭಾರಿ ದೊಣ್ಣೆಗಳಿಂದ ಕೈಕಾಲುಗಳಿಗೆ ಬಡಿದಿದ್ದರು. ಗಾಯಗಳು 19, ಮರ್ಮಸ್ಥಾನಕ್ಕೆ ಒಂದೂ ಬಿದ್ದಿರಲಿಲ್ಲ. ಅಂಗವಿಕಲನನ್ನಾಗಿ ಮಾಡುವುದೇ ಉದ್ದೇಶ, ಆದುದರಿಂದ ನರಹತ್ಯೆಯೆಂದು ಉಚ್ಚ ನ್ಯಾಯಾಲಯವು ಹೇಳಿತ್ತು. ನ್ಯಾಯಮೂರ್ತಿ ಸರ್ಕಾರಿಯಾ ಅದನ್ನು ತಿರುಗಿಸಿದರು: ಎಲ್ಲ ಗಾಯಗಳೂ ಒಟ್ಟಾಗಿ ಸಾವಿಗೆ ಸಾಕಾಗಿದ್ದವು, ಅವುಗಳನ್ನು ಮಾಡಬೇಕೆಂದೇ ಮಾಡಿದ್ದರು, ಆದುದರಿಂದ ಇದು ಕೊಲೆ. ನರಹತ್ಯೆಯು ಜಾತಿ, ಕೊಲೆಯು ಅದರೊಳಗಿನ ಒಂದು ಪ್ರಭೇದವೆಂದು ಅವರು ವಿವರಿಸಿ, ಸಂಹಿತೆಯಲ್ಲಿ ಮೂರು ದರ್ಜೆಗಳಿವೆಯೆಂದು ಗುರುತಿಸಿದರು: 302ರ ಕೆಳಗೆ ಬರುವ ಕೊಲೆ, 304ರ ಮೊದಲ ಭಾಗದಲ್ಲಿ ಬರುವ ಉದ್ದೇಶಪೂರ್ವಕ ನರಹತ್ಯೆ, ಅದರ ಎರಡನೆಯ ಭಾಗದಲ್ಲಿ ಬರುವ ಅರಿವು ಮಾತ್ರವಿದ್ದ ನರಹತ್ಯೆ. ಅಮೆರಿಕೆಯಿಂದ ಮೆಕಾಲೆ ತರದೆ ಬಿಟ್ಟಿದ್ದ ದರ್ಜೆಯ ಭಾಷೆಯು ಹೀಗೆ ನಮ್ಮ ತೀರ್ಪುಗಳಲ್ಲಿ ಕಾಣಿಸಿಕೊಂಡಿತು. ಬಂಗಾಳದ ಹಳೆಯ ಮುಫ್ತಿಗೆ ಪುನ್ನಯ್ಯನ ತೀರ್ಪು ಆಶ್ಚರ್ಯವನ್ನುಂಟುಮಾಡುತ್ತಿತ್ತು; ದೊಣ್ಣೆಯೂ ಇಲ್ಲಿ ಕತ್ತಿಯಾಯಿತು.

ಈ ನಡುವೆ ಗೆರೆಯನ್ನು ಎಳೆಯಲು ಮೊದಲ ಕಾರಣವಾಗಿದ್ದ ಗಲ್ಲೇ ಹಿಂದೆ ಸರಿಯುತ್ತಿತ್ತು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಂತೆ ಕೊಲೆಗಾರನಿಗೆ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶನು ಕಾರಣ ಹೇಳಬೇಕಾಗಿತ್ತು. 1955ರ ತಿದ್ದುಪಡಿ ಈ ಬಂಧನವನ್ನು ತೆಗೆಯಿತು. 1973ರ ಸಂಹಿತೆಯು ಇದನ್ನು ತಲೆಕೆಳಗು ಮಾಡಿ, ಗಲ್ಲು ವಿಧಿಸಿದರೆ ವಿಶೇಷ ಕಾರಣ ಹೇಳಬೇಕೆಂದಿತು. 1980ರಲ್ಲಿ ಬಚ್ಚನ್‌ಸಿಂಗನ ಮೊಕದ್ದಮೆಯಲ್ಲಿ ಅದು ವಿರಳಾತಿವಿರಳ ಪ್ರಸಂಗಕ್ಕೆ ಮಾತ್ರವೆಂದಾಯಿತು. ಆಜೀವ ಸೆರೆವಾಸದಲ್ಲಿರುವವನು ಕೊಲೆ ಮಾಡಿದರೆ ಗಲ್ಲೊಂದೇ ಶಿಕ್ಷೆಯೆಂದಿದ್ದ 303ನೆಯ ಕಲಮನ್ನು 1983ರಲ್ಲಿ ಮಿಠ್ಠುವಿನ ಮೊಕದ್ದಮೆಯು ಅಸಿಂಧುಗೊಳಿಸಿತು. ಹೀಗಾಗಿ ಪ್ರಾಣವುಳಿಸುವ ನಿರ್ಣಯವು ಬಹುಮಟ್ಟಿಗೆ 300ನೆಯ ಕಲಮಿನ ಗೆರೆಯಿಂದ ಶಿಕ್ಷೆಯ ವಿಚಾರಣೆಗೆ ಸ್ಥಳಾಂತರವಾಯಿತು. ಆದರೂ ಗೆರೆಯ ಮೇಲಿನ ವಾದಗಳು ಕಡಿಮೆಯಾಗಲಿಲ್ಲ. ಆಜೀವ ಸೆರೆಗೂ ಹತ್ತು ವರ್ಷಗಳ ಸೆರೆಗೂ ಇರುವ ಅಂತರವೇ ಒಂದು ಮನೆತನಕ್ಕೆ ಸಾಕಷ್ಟು ದೊಡ್ಡದು.

2006ರಲ್ಲಿ ಪುಲಿಚೆರ್ಲ ನಾಗರಾಜುವಿನ ಮೊಕದ್ದಮೆಯ ತೀರ್ಪನ್ನು ಬರೆದವರು, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಕೊಲ್ಲುವ ಉದ್ದೇಶವನ್ನು ಯಾವ ಯಾವ ಸಂಗತಿಗಳಿಂದ ಊಹಿಸಬಹುದೆಂದು ಅವರು ಒಂದು ಪಟ್ಟಿಯನ್ನೇ ಕೊಟ್ಟರು. ಅಧೀನ ನ್ಯಾಯಾಲಯಗಳಲ್ಲಿ ಅದು ಮತ್ತೆ ಮತ್ತೆ ಉದ್ಧೃತವಾಗುತ್ತದೆ. ಪೆಟ್ಟು ಬಿದ್ದ ಅಂಗ, ಬಳಸಿದ ಬಲ, ಹಠಾತ್ ಜಗಳವೋ ಪೂರ್ವಾಲೋಚನೆಯೋ, ಹಳೆಯ ವೈರ, ಉದ್ರೇಕ, ಒಂದು ಪೆಟ್ಟೋ ಹಲವೋ ಇವೆಲ್ಲ ಅದರಲ್ಲಿವೆ. ಪಟ್ಟಿಯ ಮೊದಲನೆಯ ಬಾಬು ಆಯುಧದ ಸ್ವರೂಪ; ಎರಡನೆಯದು, ಆ ಆಯುಧವನ್ನು ಮನೆಯಿಂದ ತಂದಿದ್ದನೋ ಅಲ್ಲಿಯೇ ಎತ್ತಿಕೊಂಡನೋ ಎಂಬುದು.

2023ರ ಭಾರತೀಯ ನ್ಯಾಯ ಸಂಹಿತೆಯು 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನಕ್ಕೆ ಬಂದಿದೆ. 299 ಮತ್ತು 300ನೆಯ ಕಲಮುಗಳು 100 ಮತ್ತು 101 ಆಗಿವೆ. 302 ಈಗ 103. 304 ಈಗ 105. ಸ್ಟೀಫನ್ ದೂರಿದ್ದ ಶಬ್ದಗಳು ಬಹುತೇಕ ಹಾಗೆಯೇ ಇವೆ. ಹೊಸದೆಂದರೆ 103ರ ಎರಡನೆಯ ಉಪಕಲಮು: ಐವರು ಅಥವಾ ಹೆಚ್ಚು ಜನರು ಒಟ್ಟುಗೂಡಿ, ಜನಾಂಗ, ಜಾತಿ, ಪಂಗಡ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ನಂಬಿಕೆ ಮೊದಲಾದ ಕಾರಣಕ್ಕಾಗಿ ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೆ ಆಜೀವ ಸೆರೆವಾಸ. ದಿನಗಳು, ಆಯುಧ, ಪೂರ್ವಾಲೋಚನೆ, ಸಂಭವ ಇವುಗಳ ಸಾಲಿಗೆ ಕೈಗಳ ಸಂಖ್ಯೆಯೂ ದ್ವೇಷದ ಕಾರಣವೂ ಈಗ ಸೇರಿವೆ. ಮಿಕ್ಕಂತೆ 100ನೆಯ ಕಲಮಿನ ಮೊದಲನೆಯ ದೃಷ್ಟಾಂತದಲ್ಲಿ, 1860ರಲ್ಲಿ ಇದ್ದಂತೆಯೇ, ಒಬ್ಬನು ಹೊಂಡದ ಮೇಲೆ ಕಡ್ಡಿಗಳನ್ನೂ ಹುಲ್ಲುಹೆಂಟೆಗಳನ್ನೂ ಹಾಸಿಟ್ಟಿದ್ದಾನೆ. ನೆಲ ಗಟ್ಟಿಯಿದೆಯೆಂದು ನಂಬಿದ ಇನ್ನೊಬ್ಬನು ಅದರ ಮೇಲೆ ಕಾಲಿಡುತ್ತಾನೆ.